ಹದಿನೆಂಟು ಯೂರೋ ಕಮ್ಮಿ ಬಿದ್ದ ಕಥೆ: ದೂರದೂರಿಗೆ ದುಡ್ಡು ಕಳಿಸಿದ ಚರಿತ್ರೆ

2025ರ ಆಗಸ್ಟ್‌ನಲ್ಲಿ ನಮ್ಮಕ್ಕನ ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ತು. ಮಾಕಳಿಯ ನಮ್ಮ ಬೀದಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದು ನಿಮಗೆಲ್ಲ ನೆನಪಿರಬಹುದು. ಸಿಹಿ ಹಂಚಿ ಮುಗಿಯೋಷ್ಟರಲ್ಲಿ ಕಹಿ ಶುರುವಾಯ್ತು. ಜರ್ಮನಿಗೆ ಓದೋಕೆ ಹೋಗೋ ಮಕ್ಕಳು ವೀಸಾಗೆ ಮೊದಲೇ ಒಂದು ವರ್ಷದ ಖರ್ಚಿನ ದುಡ್ಡನ್ನ ಅಲ್ಲಿನ ಒಂದು ಬೀಗ ಹಾಕಿದ ಖಾತೆಗೆ ಕಟ್ಟಬೇಕು. 11,904 ಯೂರೋ. ಹೋದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ಬಿಡಿಸಿ ಕೊಡ್ತಾರೆ. ಯೂರೋಗೆ 100 ರೂಪಾಯಿ ಅಂತ ಇಟ್ಕೊಂಡ್ರೂ ಹನ್ನೊಂದು ಲಕ್ಷದ ತೊಂಬತ್ತು ಸಾವಿರ ಆಯ್ತಲ್ಲ!

ಭಾವನ ಪಿಎಫ್, ಅಕ್ಕನ ಚೀಟಿ ದುಡ್ಡು, ಅವಳ ಎರಡೆಳೆ ಸರ ಅಡ ಇಟ್ಟಿದ್ದು, ಎಲ್ಲ ಸೇರಿಸಿ ಬ್ಯಾಂಕಿನಿಂದ ಕಳಿಸಿದ್ರು. ನಾಲ್ಕು ದಿನ ಆದ್ಮೇಲೆ ಸುದ್ದಿ ಬಂತು: ಖಾತೆಗೆ ಬಿದ್ದಿರೋದು 11,886. ಹದಿನೆಂಟು ಯೂರೋ ಕಮ್ಮಿ. ಪೂರ್ತಿ ಬೀಳದೆ ಇದ್ರೆ ದೃಢೀಕರಣ ಪತ್ರ ಕೊಡಲ್ಲ, ಪತ್ರ ಇಲ್ಲದೆ ವೀಸಾ ಇಲ್ಲ, ವೀಸಾದ ತಾರೀಖು ಮುಂದಿನ ವಾರ. ಆ ರಾತ್ರಿ ಅಕ್ಕ ಊಟ ಮಾಡ್ಲಿಲ್ಲ.

ನಮ್ಮಮ್ಮ ಜಗಲಿ ಮೇಲೆ ಕೂತು ಎಲ್ಲ ಕೇಳಿಸ್ಕೊಂಡು ಒಂದೇ ಮಾತು ಅಂದ್ಲು: "ನಾನು ನೆಲಮಂಗಲದ ಪೋಸ್ಟಾಪೀಸಿಂದ ನಿಮ್ಮ ಮಾವಂಗೆ ಮನಿಯಾರ್ಡರ್ ಮಾಡ್ತಿದ್ನಲ್ಲ, ಐವತ್ತು ಅಂದ್ರೆ ಐವತ್ತೇ ಹೋಗ್ತಿತ್ತು. ಒಂದು ಕಾಸೂ ಕಮ್ಮಿ ಆಗ್ತಿರ್ಲಿಲ್ಲ. ಇದ್ಯಾವ ಸೀಮೆ ಬ್ಯಾಂಕು?"

ಅಮ್ಮ ಹೇಳಿದ್ದು ತಮಾಷೆ ಅನ್ನಿಸ್ತು, ಆಮೇಲೆ ಯೋಚನೆಗೆ ಹಚ್ತು. ದುಡ್ಡು ದೂರ ಹೋಗೋ ದಾರಿಗೆ ಖರ್ಚು ಇದ್ದೇ ಇರುತ್ತೆ. ಆ ಖರ್ಚನ್ನ ಯಾರು ಕೊಡ್ತಾರೆ, ಮೊದಲೇ ಹೇಳ್ತಾರಾ, ಇಲ್ಲ ದಾರಿಯಲ್ಲಿ ಮುರ್ಕೊಳ್ತಾರಾ ಅನ್ನೋದೇ ಮುಖ್ಯ. ಅದನ್ನೇ ಹಿಡ್ಕೊಂಡು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಬನ್ನಿ.

ಮೊದಲು ಹುಂಡಿ. ನಮಗೆ ಹುಂಡಿ ಅಂದ್ರೆ ದೇವಸ್ಥಾನದ ಡಬ್ಬಿ. ಆದ್ರೆ ವ್ಯಾಪಾರಸ್ಥರ ಹುಂಡಿ ಬೇರೆ. ಅದು ಒಂದು ಚೀಟಿ. ಇಲ್ಲಿನ ಸಾಹುಕಾರನ ಹತ್ರ ದುಡ್ಡು ಕೊಟ್ಟು ಚೀಟಿ ಬರೆಸ್ಕೊಂಡ್ರೆ, ದೂರದೂರಲ್ಲಿ ಅವನ ಕಡೆಯವನು ಆ ಚೀಟಿ ನೋಡಿ ದುಡ್ಡು ಎಣಿಸ್ತಿದ್ದ. ತೋರಿಸಿದ ಕೂಡಲೇ ಕೊಡಬೇಕಾದ್ದು ದರ್ಶನಿ ಹುಂಡಿ, ಗಡುವಿನ ಮೇಲೆ ಕೊಡೋದು ಮುದ್ದತಿ ಹುಂಡಿ. ಬೆಳ್ಳಿ ನಾಣ್ಯದ ಗಂಟು ಹೊತ್ಕೊಂಡು ಕಳ್ಳರ ದಾರಿಯಲ್ಲಿ ಹೋಗೋದು ತಪ್ತಿತ್ತು. ಅದಕ್ಕೆ ಸಾಹುಕಾರ ವಟ್ಟ ಮುರ್ಕೊಳ್ತಿದ್ದ. ಈ ವಟ್ಟ ಅನ್ನೋ ಪದ ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ. 1881ರಲ್ಲಿ ಬ್ರಿಟಿಷರು ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಕಾಯ್ದೆ ಮಾಡಿದಾಗಲೂ ಹುಂಡಿಯನ್ನ ಅದರ ಸ್ಥಳೀಯ ರೂಢಿಗೇ ಬಿಟ್ಟಿದ್ರು.

ಇನ್ನು ಹೊರದೇಶಕ್ಕೆ ಕಳಿಸಿದ್ದರಲ್ಲಿ ನಮ್ಮವರ ಒಂದು ದೊಡ್ಡ ಕಥೆ ಇದೆ. 1893ರ ಮೇ 31ರಂದು ಸ್ವಾಮಿ ವಿವೇಕಾನಂದರು ಮುಂಬೈನಿಂದ ಹಡಗು ಹತ್ತಿ ಅಮೆರಿಕಕ್ಕೆ ಹೊರಟ್ರು. ಮನೆಮನೆ ತಿರುಗಿ ದುಡ್ಡು ಕೂಡಿಸಿದವರಲ್ಲಿ ಮುಂದಾಳು ಅಳಸಿಂಗ ಪೆರುಮಾಳ್. ಹುಟ್ಟಿದ್ದು ನಮ್ಮ ಚಿಕ್ಕಮಗಳೂರಲ್ಲಿ, ಮದ್ರಾಸಿನಲ್ಲಿ ಮೇಷ್ಟ್ರು, ದೊಡ್ಡ ಸಾಹುಕಾರರೇನಲ್ಲ. ಮೈಸೂರು ಮಹಾರಾಜ ಚಾಮರಾಜ ಒಡೆಯರೂ ನೆರವು ಕೊಟ್ರು. ಸ್ವಾಮೀಜಿ ಜುಲೈ ಕೊನೆಗೆ ಶಿಕಾಗೋ ಮುಟ್ಟಿ ನೋಡಿದ್ರೆ ಸರ್ವಧರ್ಮ ಸಮ್ಮೇಳನ ಶುರುವಾಗೋದು ಸೆಪ್ಟೆಂಬರ್ 11ಕ್ಕೆ! ಕೈಯಲ್ಲಿದ್ದ ದುಡ್ಡು ಕರಗ್ತಾ ಬಂತು. ಖರ್ಚು ಕಮ್ಮಿ ಅಂತ ಬಾಸ್ಟನ್ ಕಡೆಗೆ ಹೋದ್ರು. ಆಗಸ್ಟ್ 20ರಂದು ಅಳಸಿಂಗರಿಗೆ ಬರೆದ ಕಾಗದದಲ್ಲಿ ಪೂರ್ತಿ ಲೆಕ್ಕ ಒಪ್ಪಿಸಿದ್ದಾರೆ. ನೋಟುಗಳಲ್ಲಿ 170 ಪೌಂಡು, ಕೈಖರ್ಚಿಗೆ 9 ಪೌಂಡು ಕೊಟ್ಟಿದ್ರು, ಉಳಿದಿರೋದು 130, ದಿನಕ್ಕೆ ಸರಾಸರಿ ಒಂದು ಪೌಂಡು ಖರ್ಚಾಗ್ತಿದೆ ಅಂತ. ಹಾಸ್ಟೆಲಿನಿಂದ ಮಗ ಬರೆದ ಕಾಗದದ ಹಾಗೇ ಇದೆ, ಅಲ್ವಾ?

ಆ ಕಾಲಕ್ಕೆ ಒಂದು ಪೌಂಡು ಅಂದ್ರೆ ಸುಮಾರು 15-16 ರೂಪಾಯಿ. ಇಪ್ಪತ್ತು ವರ್ಷ ಮುಂಚೆ ಹತ್ತು ರೂಪಾಯಿ ಆಸುಪಾಸು ಇದ್ದದ್ದು, ಬೆಳ್ಳಿ ಬೆಲೆ ಬಿದ್ದು ನಮ್ಮ ರೂಪಾಯಿನೂ ಬಿತ್ತು. ಇಲ್ಲಿನ ಮೇಷ್ಟ್ರು ರೂಪಾಯಿ ರೂಪಾಯಿ ಕೂಡಿಸಿದ್ದು ಅಲ್ಲಿ ಹೋಗಿ ಸಣ್ಣದಾಗ್ತಿತ್ತು. ಕಾಗದ ಹಡಗಿನಲ್ಲಿ ವಾರಗಟ್ಟಲೆ ತಗೊಳ್ತಿತ್ತು. ಅರ್ಜೆಂಟಿದ್ರೆ ಸಮುದ್ರದ ಕೆಳಗಿನ ತಂತಿ. ಬ್ರಿಟನ್ನಿಗೂ ನಮಗೂ 1870ರಲ್ಲೇ ಆ ತಂತಿ ಬಂದಿತ್ತು, ಆದ್ರೆ ಪದಕ್ಕಿಷ್ಟು ಅಂತ ದುಡ್ಡು ಎಣಿಸಬೇಕು. ಅಮೆರಿಕದಲ್ಲಿ ತಂತಿ ಮೂಲಕ ಹಣ ಕಳಿಸೋದನ್ನ ವೆಸ್ಟರ್ನ್ ಯೂನಿಯನ್ 1871ರಲ್ಲೇ ಶುರು ಮಾಡಿತ್ತು. ಅಮೆರಿಕನ್ ಎಕ್ಸ್‌ಪ್ರೆಸ್‌ನವರ ಟ್ರಾವೆಲರ್ಸ್ ಚೆಕ್ 1891ರದ್ದು. ಅಂದ್ರೆ ದಾರಿಗಳು ಇದ್ವು, ಬಡವರಿಗೆ ಅದು ದುಬಾರಿ ದಾರಿ ಅಷ್ಟೇ.

ಬಡವರ ದಾರಿ ಅಂದ್ರೆ ಅಮ್ಮನ ಮನಿಯಾರ್ಡರ್. ಅಂಚೆ ಇಲಾಖೆ 1880ರಲ್ಲಿ ಅದನ್ನ ಕೈಗೆತ್ಕೊಂಡಿದ್ದು. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು ನೋಟು ಎಣಿಸಿ, ಹೆಬ್ಬೆಟ್ಟು ಒತ್ತಿಸ್ಕೊಂಡು, ಕೆಳಗಿನ ಚೂರು ಹರಿದು ಕೊಡ್ತಿದ್ದ. ಆ ಚೂರಲ್ಲಿ ಎರಡು ಸಾಲು ಬರೀಬಹುದಿತ್ತು. "ಚೆನ್ನಾಗಿ ಓದು, ಹೊಟ್ಟೆ ತುಂಬ ತಿನ್ನು" ಅಂತ ಅಮ್ಮ ಪಕ್ಕದ ಮನೆ ಹುಡುಗನ ಕೈಲಿ ಬರೆಸ್ತಿದ್ಲಂತೆ. ಅಮ್ಮನಿಗೆ ಮರೆತಿದ್ದು ಒಂದಿದೆ. ಐವತ್ತಕ್ಕೆ ಐವತ್ತೇ ಹೋಗ್ತಿತ್ತು ನಿಜ, ಆದ್ರೆ ಕಮಿಷನ್ ಬೇರೆ ಕೊಟ್ಟಿರ್ತಿದ್ಲು. ಕೊನೆಕೊನೆಗೆ ಅದು 20 ರೂಪಾಯಿಗೆ 1 ರೂಪಾಯಿ ಆಗಿತ್ತು. ನೂರಕ್ಕೆ ಐದು ಅಂದ್ರೆ ಕಮ್ಮಿಯೇನಲ್ಲ! ಆದ್ರೆ ಕಿಟಕಿ ಹತ್ರವೇ ಹೇಳಿ ಇಸ್ಕೊಳ್ತಿದ್ರು. ಕಳಿಸೋಳಿಗೂ ಗೊತ್ತು, ಇಸ್ಕೊಳ್ಳೋನಿಗೂ ಗೊತ್ತು. 2015ರಲ್ಲಿ ಆ ಹಳೇ ಕಾಗದದ ಮನಿಯಾರ್ಡರ್ ನಿಂತೋಯ್ತು.

ಸ್ವಾತಂತ್ರ್ಯ ಬಂದ ಮೇಲೆ ಹೊರದೇಶಕ್ಕೆ ದುಡ್ಡು ಕಳಿಸೋದು ಇನ್ನೂ ಕಷ್ಟ ಆಯ್ತು. ದೇಶದಲ್ಲೇ ಡಾಲರ್ ಇರ್ಲಿಲ್ಲ. 1966ರ ಜೂನ್ 6ಕ್ಕೆ ರೂಪಾಯಿ ಬೆಲೆ ಇಳಿಸಿದ್ರು. 4 ರೂಪಾಯಿ 76 ಪೈಸೆಗೆ ಸಿಗ್ತಿದ್ದ ಡಾಲರ್ ರಾತ್ರೋರಾತ್ರಿ 7 ರೂಪಾಯಿ 50 ಪೈಸೆ ಆಯ್ತು. ಆ ಕಾಲದಲ್ಲಿ ಬೆಂಗಳೂರಿಂದ ಅಮೆರಿಕಕ್ಕೆ ಓದೋಕೆ ಹೋದ ಹಿರಿಯರನ್ನ ಕೇಳಿ ನೋಡಿ, "ಜೇಬಲ್ಲಿ ಎಂಟು ಡಾಲರ್ ಇಟ್ಕೊಂಡು ಹೋದೆ" ಅಂತಾರೆ. ಎಂಟು ಡಾಲರ್ ಅಂದ್ರೆ ಅರವತ್ತು ರೂಪಾಯಿ. ಮನೆಯಲ್ಲಿ ದುಡ್ಡಿದ್ರೂ ಕಳಿಸೋ ಹಾಗಿರ್ಲಿಲ್ಲ, ಎಲ್ಲಕ್ಕೂ ರಿಸರ್ವ್ ಬ್ಯಾಂಕಿನ ಅಪ್ಪಣೆ. 1973ರಲ್ಲಿ ಫೆರಾ ಕಾಯ್ದೆ ಬಂದು ಇನ್ನೂ ಬಿಗಿ ಆಯ್ತು. ಅಪ್ಪಣೆ ಇಲ್ಲದೆ ಕಳಿಸೋದು ಅಪರಾಧ. ಹಳೇ ಹುಂಡಿಯ ದಾರಿ ಹವಾಲಾ ಅನ್ನೋ ಕಳ್ಳದಾರಿ ಆಗಿದ್ದು ಹೀಗೆ. ಈಗಲೂ ಅದು ಕಾನೂನಿಗೆ ವಿರುದ್ಧವೇ, "ನಮ್ಮವರೊಬ್ರು ಇದ್ದಾರೆ, ಸಸ್ತಾದಲ್ಲಿ ಕಳಿಸ್ತಾರೆ" ಅಂತ ಯಾರಾದ್ರೂ ಅಂದ್ರೆ ಆ ಕಡೆ ತಲೆ ಹಾಕಬೇಡಿ.

1991 ನೆನಪಿದೆಯಾ? ದೇಶದ ಹತ್ರ ಕೆಲವೇ ವಾರದ ಆಮದಿಗಾಗೋಷ್ಟು ಡಾಲರ್ ಉಳಿದಿತ್ತು. ಆಗ ಸರ್ಕಾರ ಮಾಡಿದ್ದೇನು ಗೊತ್ತಾ? ನಾವು ಹೆಂಗಸರು ಮಾಡೋದೇ. ಚಿನ್ನ ಅಡ ಇಟ್ರು. ಸುಮಾರು 47 ಟನ್ ಚಿನ್ನ ವಿಮಾನದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಯ್ತು. ಅದೇ ಜುಲೈನಲ್ಲಿ ರೂಪಾಯಿ ಬೆಲೆ ಎರಡು ಸಲ ಇಳಿಸಿದ್ರು. ನಮ್ಮ ಬ್ಯಾಂಕುಗಳು ಸ್ವಿಫ್ಟ್ ಅನ್ನೋ ಅಂತರರಾಷ್ಟ್ರೀಯ ಸಂದೇಶದ ಜಾಲಕ್ಕೆ ಸೇರಿದ್ದೂ ಅದೇ ವರ್ಷ. ಅಲ್ಲಿಂದ ಬಾಗಿಲು ನಿಧಾನಕ್ಕೆ ತೆರೀತು. 2000ದ ಜೂನ್ 1ರಿಂದ ಫೆರಾ ಹೋಗಿ ಫೆಮಾ ಬಂತು. 2004ರ ಫೆಬ್ರವರಿಯಲ್ಲಿ ಯಾರು ಬೇಕಾದ್ರೂ ವರ್ಷಕ್ಕೆ 25,000 ಡಾಲರ್‌ವರೆಗೆ ಅಪ್ಪಣೆ ಇಲ್ಲದೆ ಕಳಿಸಬಹುದು ಅಂದ್ರು. ಈಗ ಆ ಮಿತಿ ಒಬ್ಬರಿಗೆ 2,50,000 ಡಾಲರ್. ಈ ಯೋಜನೆಯಲ್ಲಿ 2004-05ರಲ್ಲಿ ದೇಶದಿಂದ ಹೋಗಿದ್ದು ಒಂದು ಕೋಟಿ ಡಾಲರ್ ಕೂಡ ಇಲ್ಲ. 2023-24ರಲ್ಲಿ ಹೋಗಿದ್ದು 3,100 ಕೋಟಿ ಡಾಲರ್‌ಗೂ ಮೇಲೆ. ಎಂಟು ಡಾಲರ್‌ನ ಕಾಲದಿಂದ ಎಲ್ಲಿಗೆ ಬಂದ್ವಿ ನೋಡಿ.

ಈಗ ಅಕ್ಕನ ಹದಿನೆಂಟು ಯೂರೋಗೆ ಬರ್ತೀನಿ. ಬ್ಯಾಂಕಿಂದ ಸ್ವಿಫ್ಟ್‌ನಲ್ಲಿ ಕಳಿಸಿದ ದುಡ್ಡು ನೇರವಾಗಿ ಹೋಗಲ್ಲ. ನಡುವೆ ಒಂದೋ ಎರಡೋ ಬ್ಯಾಂಕು ಕೈ ಬದಲಾಯಿಸುತ್ತೆ, ಪ್ರತಿಯೊಂದೂ ಕೂಲಿ ಮುರ್ಕೊಳ್ಳಬಹುದು. ಫಾರಂನಲ್ಲಿ ಒಂದು ಸಣ್ಣ ಚೌಕ ಇರುತ್ತೆ: ದಾರಿ ಖರ್ಚು ಪೂರ್ತಿ ಕಳಿಸೋರದ್ದಾ, ಹಂಚ್ಕೊಳ್ಳೋದಾ, ಇಸ್ಕೊಳ್ಳೋರದ್ದಾ ಅಂತ. ಭಾವ ಅದನ್ನ ನೋಡಿರ್ಲಿಲ್ಲ, ಬ್ಯಾಂಕಿನ ಹುಡುಗ ಹಂಚ್ಕೊಳ್ಳೋದಕ್ಕೆ ಗುರುತು ಹಾಕಿದ್ದ. ಅದಕ್ಕೇ ಹದಿನೆಂಟು ಕಮ್ಮಿ ಬಿತ್ತು. ಸುಮಾರು 1,800 ರೂಪಾಯಿಯ ಆ ಹದಿನೆಂಟು ಯೂರೋ ಮತ್ತೆ ಕಳಿಸೋಕೆ ಹೆಚ್ಚೂಕಮ್ಮಿ ಅಷ್ಟೇ ಖರ್ಚಾಯ್ತು. ವೀಸಾ ತಾರೀಖಿಗೆ ಎರಡು ದಿನ ಮುಂಚೆ ಪತ್ರ ಬಂತು ಅನ್ನೋದೇ ಸಮಾಧಾನ. ಶುಲ್ಕ, ಠೇವಣಿ ಕಟ್ಟೋವಾಗ "ಪೂರ್ತಿ ಖರ್ಚು ನಮ್ಮದು" ಅನ್ನೋ ಚೌಕಕ್ಕೇ ಗುರುತು ಹಾಕಿಸಿ. ಅಮ್ಮನ ಮನಿಯಾರ್ಡರ್ ಅಂದ್ರೆ ಅದೇ.

ಇನ್ನು ವಟ್ಟ. ಟಿವಿಯಲ್ಲಿ ತೋರಿಸೋ ದರಕ್ಕೂ ಬ್ಯಾಂಕು ನಮಗೆ ಮಾರೋ ದರಕ್ಕೂ ವ್ಯತ್ಯಾಸ ಇರುತ್ತೆ. ಮಾರುಕಟ್ಟೆಯಲ್ಲಿ ಯೂರೋಗೆ 100 ಇದ್ದಾಗ ಒಬ್ರು 102.50 ಹೇಳಿ ಫೀಸು ಬರೀ 500 ಅಂತಾರೆ, ಇನ್ನೊಬ್ರು 100.80 ಹೇಳಿ ಫೀಸು 1,500 ಅಂತಾರೆ ಅಂತಿಟ್ಕೊಳ್ಳಿ. ಫೀಸು ನೋಡಿದ್ರೆ ಮೊದಲನೆಯವರು ಸಸ್ತಾ. ಆದ್ರೆ 11,904 ಯೂರೋ ಮೇಲೆ ಮೊದಲನೆಯವರ ವಟ್ಟ 29,760 ರೂಪಾಯಿ, ಎರಡನೆಯವರದ್ದು 9,523. ಇಪ್ಪತ್ತು ಸಾವಿರದ ವ್ಯತ್ಯಾಸ! "ಫೀಸೇ ಇಲ್ಲ" ಅನ್ನೋರನ್ನೂ ಹೀಗೇ ತೂಗಿ ನೋಡಿ. ಬ್ಯಾಂಕು, ಆರ್‌ಬಿಐ ಪರವಾನಗಿ ಇರೋ ಹಣ ವಿನಿಮಯದ ಕಂಪನಿ, ಮೊಬೈಲ್ ಆಪ್, ಎಲ್ಲರಿಗೂ ಕೇಳಬೇಕಾದ್ದು ಒಂದೇ ಪ್ರಶ್ನೆ: "ನನ್ನ ಕೈಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತೆ, ಅಲ್ಲಿ ಒಟ್ಟು ಎಷ್ಟು ಯೂರೋ ಬೀಳುತ್ತೆ?" ಒಂದೇ ದಿನ, ಒಂದೇ ಗಂಟೆಯಲ್ಲಿ ಮೂರು ಕಡೆ ಕೇಳಿ ಬರ್ಕೊಳ್ಳಿ. ಅಂಗಡಿ ಮುಂದೆ ಹಣ ವರ್ಗಾವಣೆ ಬೋರ್ಡು ನೋಡಿ ಹೋಗಬೇಡಿ, ಆ ಸೇವೆಯಲ್ಲಿ ನಮ್ಮ ದೇಶಕ್ಕೆ ಬಂದ ದುಡ್ಡು ಇಸ್ಕೊಳ್ಳಬಹುದೇ ಹೊರತು ಕಳಿಸೋ ಹಾಗಿಲ್ಲ. ಸಿಂಗಾಪುರದಲ್ಲಿ ಮಕ್ಕಳಿದ್ರೆ ಸಣ್ಣ ಮೊತ್ತಕ್ಕೆ 2023ರಿಂದ ಯುಪಿಐ ದಾರಿನೂ ಇದೆ.

ಸರ್ಕಾರದ್ದು ಎರಡು ಇದೆ. ಒಂದು ಜಿಎಸ್‌ಟಿ, ಅದು ಸಣ್ಣದು; ಹನ್ನೊಂದು ಲಕ್ಷದ ತೊಂಬತ್ತು ಸಾವಿರಕ್ಕೆ ಸಾವಿರದ ಆಸುಪಾಸು. ಇನ್ನೊಂದು ಟಿಸಿಎಸ್. 2025ರ ಏಪ್ರಿಲ್‌ನಿಂದ ಒಬ್ಬರ ಪ್ಯಾನ್ ಮೇಲೆ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ. ಅದರ ಮೇಲಿನದಕ್ಕೆ ನಾವು ಕಳಿಸಿದಾಗ ಓದಿಗೆ ನೂರಕ್ಕೆ 5, ಉಡುಗೊರೆ, ಕುಟುಂಬದ ಖರ್ಚು ಅಂತ ಬರೆದ್ರೆ ನೂರಕ್ಕೆ 20. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ್ರೆ ಇಲ್ಲವೇ ಇಲ್ಲ. ನಮ್ಮ ಫಾರಂನಲ್ಲಿ ಮೊದಲು "ಕುಟುಂಬ ನಿರ್ವಹಣೆ" ಅಂತ ಬರೆದಿದ್ರು. ಅದೃಷ್ಟಕ್ಕೆ ನಾನು ಓದಿದೆ. ಸಂಖ್ಯೆ ಬದಲಾಯಿಸಿ ಓದಿನ ಎಸ್ 0305 ಹಾಕಿಸಿದ್ವಿ. 100ರ ಲೆಕ್ಕದಲ್ಲಿ 38,080 ಹೋಗೋ ಕಡೆ 9,520 ಹೋಯ್ತು. ಈ ದುಡ್ಡು ಮುಳುಗಲ್ಲ, ರಿಟರ್ನ್ಸ್ ಹಾಕಿದ್ರೆ ತೆರಿಗೆಗೆ ಹೊಂದಿಸ್ಕೊಳ್ತಾರೆ, ಇಲ್ಲ ವಾಪಸ್ ಬರುತ್ತೆ. ಆದ್ರೆ ಅಡ ಇಟ್ಟ ಸರಕ್ಕೆ ಅಲ್ಲಿವರೆಗೂ ಬಡ್ಡಿ ಓಡ್ತಾ ಇರುತ್ತಲ್ಲ. ಅಪ್ಪ ಅಮ್ಮ ಇಬ್ಬರಿಗೂ ಸ್ವಂತ ದುಡ್ಡು, ಪ್ಯಾನ್ ಇದ್ರೆ ಅವರವರ ಪಾಲು ಅವರವರೇ ಕಳಿಸಬಹುದು, ಆಗ 10 ಲಕ್ಷದ ಮಿತಿ ಇಬ್ಬರಿಗೂ ಬೇರೆಬೇರೆ. ಇದು ನಮಗೆ ಆಮೇಲೆ ಗೊತ್ತಾಗಿದ್ದು. ಬಜೆಟ್ ಬಂದಾಗ ಈ ದರಗಳು ಬದಲಾಗ್ತಾವೆ, ಕಳಿಸೋ ವಾರ ಒಂದ್ಸಲ ವಿಚಾರಿಸಿ.

ಹುಡುಗಿ ಅಕ್ಟೋಬರ್‌ನಲ್ಲಿ ಸುರಕ್ಷಿತವಾಗಿ ಹೋಗಿ ಸೇರ್ಕೊಂಡ್ಲು. ಮೊದಲ ತಿಂಗಳ 992 ಯೂರೋ ಕೈಗೆ ಬಂದ ದಿನ ಫೋನ್ ಮಾಡಿದ್ಲು. ಅಮ್ಮ ಫೋನ್ ಇಸ್ಕೊಂಡು ಕೇಳಿದ್ದು ಒಂದೇ: "ಪೂರ್ತಿ ಬಂತಾ, ಇಲ್ಲ ಅದ್ರಲ್ಲೂ ಮುರ್ಕೊಂಡ್ರಾ?" ಪೂರ್ತಿ ಬಂದಿದೆ ಅಂದ ಮೇಲೇ, ಚೆನ್ನಾಗಿ ಓದು, ಹೊಟ್ಟೆ ತುಂಬ ತಿನ್ನು ಅಂದ್ಲು. ಅಕ್ಕನ ಸರ ಇನ್ನೂ ಬಿಡಿಸಿಲ್ಲ. ಬಿಡಿಸಿದ ದಿನ ಮತ್ತೆ ಸಿಹಿ ಹಂಚ್ತಾಳಂತೆ, ಮನೆಗೆ ಬನ್ನಿ.