ವಂಡರ್ ವುಮನ್‌ಳ ಸಂಕೋಲೆ

1941ರ ಕೊನೆಯಲ್ಲಿ ಅಮೆರಿಕದ ಕಾಮಿಕ್ ಪುಸ್ತಕವೊಂದರಲ್ಲಿ ಮೊದಲು ಕಾಣಿಸಿಕೊಂಡ ವಂಡರ್ ವುಮನ್‌ಳನ್ನು ಸೂಪರ್‌ಮ್ಯಾನ್‌ನ ಹೆಣ್ಣುರೂಪವೆಂದು ನೋಡುವವರು ಇಂದಿಗೂ ಇದ್ದಾರೆ. ಆದರೆ ಅವಳ ವಂಶಾವಳಿಯೇ ಬೇರೆ. ಮತದಾನದ ಹಕ್ಕಿಗಾಗಿ, ಬೇಕಾದಾಗ ಮಾತ್ರ ತಾಯಿಯಾಗುವ ಹಕ್ಕಿಗಾಗಿ ಜೈಲು ಸೇರಿದ ಹೆಂಗಸರ ಕುಲ ಅವಳದು. ಇದಕ್ಕೆ ಗಟ್ಟಿ ಸಾಕ್ಷಿಯೆಂದರೆ ಕತೆಯಿಂದ ಕತೆಗೆ ಅವಳನ್ನು ಬಿಗಿಯುವ ಸಂಕೋಲೆ.

ಅವಳನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ. ರಕ್ತದೊತ್ತಡ ಅಳೆದು ಸುಳ್ಳು ಪತ್ತೆಹಚ್ಚುವ ಪರೀಕ್ಷೆ ರೂಪಿಸಿದವನು. ಅವನು ಹಾರ್ವರ್ಡ್‌ಗೆ ಸೇರಿದ 1911ರಲ್ಲೇ, ಇಂಗ್ಲೆಂಡಿನ ಮತದಾನ ಹಕ್ಕಿನ ಹೋರಾಟಗಾರ್ತಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್‌ಗೆ ಆವರಣದೊಳಗೆ ಮಾತಾಡಲು ವಿಶ್ವವಿದ್ಯಾಲಯ ಬಿಡಲಿಲ್ಲ; ಅವಳು ಹೊರಗಿನ ಸಭಾಂಗಣದಲ್ಲಿ ಭಾಷಣ ಮಾಡಿದಳು. ಮಾರ್ಸ್ಟನ್‌ನ ಹೆಂಡತಿ ಎಲಿಜಬೆತ್ ಹಾಲೊವೇ 1918ರಲ್ಲೇ ಕಾನೂನು ಪದವಿ ಪಡೆದವಳು. ಅದೇ ಮನೆಯಲ್ಲಿ ಅವರಿಬ್ಬರ ಜೊತೆ ಸಂಗಾತಿಯಾಗಿ ಬಾಳಿದವಳು ಆಲಿವ್ ಬರ್ನ್. ಅವಳ ತಾಯಿ ಈಥೆಲ್ ಬರ್ನ್ ಮತ್ತು ದೊಡ್ಡಮ್ಮ ಮಾರ್ಗರೆಟ್ ಸ್ಯಾಂಗರ್ ಸೇರಿ 1916ರಲ್ಲಿ ಬ್ರೂಕ್ಲಿನ್‌ನಲ್ಲಿ ಅಮೆರಿಕದ ಮೊದಲ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದರು. ಅದಕ್ಕಾಗಿ ಜೈಲಿಗೆ ಹೋದ ಈಥೆಲ್ ಅಲ್ಲಿ ಉಪವಾಸ ಹೂಡಿದಳು. ಬಲವಂತವಾಗಿ ಆಹಾರ ತುರುಕಿದರು. ವಂಡರ್ ವುಮನ್ ಗುಂಡುಗಳನ್ನು ತಡೆಯುವ ಕಡಗಗಳಿಗೆ ಮಾದರಿ ಈ ಈಥೆಲ್‌ಳ ಮಗಳು ತೊಡುತ್ತಿದ್ದ ಅಗಲ ಕಡಗಗಳು.

ಗಂಡಸೊಬ್ಬ ಆ ಕಡಗಗಳಿಗೆ ಸರಪಳಿ ಬೆಸೆದರೆ ಅವಳ ಬಲವೆಲ್ಲ ಉಡುಗುತ್ತದೆ ಎಂಬುದು ಕತೆಯ ಕಟ್ಟಳೆ. ಈ ಸರಪಳಿಯ ಮೂಲ ಮತದಾನದ ಹೋರಾಟದಲ್ಲಿದೆ: 1908ರಲ್ಲಿ ಲಂಡನ್ನಿನ ಡೌನಿಂಗ್ ಸ್ಟ್ರೀಟ್‌ನಲ್ಲಿ ಹೋರಾಟಗಾರ್ತಿಯರು ಕಂಬಿಗಳಿಗೆ ತಮ್ಮನ್ನೇ ಸರಪಳಿಯಿಂದ ಕಟ್ಟಿಕೊಂಡಿದ್ದರು. 1912ರಲ್ಲಿ ‘ಜಡ್ಜ್’ ಎಂಬ ಹಾಸ್ಯಪತ್ರಿಕೆಗೆ ಲೂ ರೋಜರ್ಸ್ ಎಂಬ ಕಲಾವಿದೆ, ಕಟ್ಟಿದ ಹಗ್ಗವನ್ನು ಹರಿಯುತ್ತಿರುವ ಹೆಣ್ಣಿನ ಚಿತ್ರ ಬರೆದಳು. ವಂಡರ್ ವುಮನ್‌ಗೆ ಮೊದಲು ರೂಪ ಕೊಟ್ಟ ಹ್ಯಾರಿ ಪೀಟರ್ ಕೂಡ ಆ ಪತ್ರಿಕೆಗೆ ಚಿತ್ರ ಬರೆದವನೇ. ಹಾಗಾಗಿ ಸಂಕೋಲೆಯ ಚಿತ್ರಭಾಷೆ ಅವನ ಕೈಗೆ ಹೊಸದಾಗಿರಲಿಲ್ಲ.

ಸಂಕೋಲೆಯ ಹಿಂದಿರುವುದು ಸ್ತ್ರೀವಾದವಲ್ಲ, ಮಾರ್ಸ್ಟನ್‌ನ ಸ್ವಂತ ಚಪಲ ಎನ್ನುವವರಿದ್ದಾರೆ. ಪ್ರಕಾಶಕರ ಸಲಹಾ ಮಂಡಳಿಯಲ್ಲಿದ್ದ ಜೋಸೆಟ್ ಫ್ರಾಂಕ್ 1943ರಲ್ಲೇ ಇದಕ್ಕೆ ಕಟುವಾಗಿ ಆಕ್ಷೇಪಿಸಿದ್ದಳು. ಆಕ್ಷೇಪದಲ್ಲಿ ಹುರುಳಿದೆ: ಪ್ರೀತಿಯಿಂದ ಶರಣಾಗುವುದರಲ್ಲಿ ಸುಖವಿದೆ ಎಂಬ ಸಿದ್ಧಾಂತ ಅವನದು, ಕತೆಗೆ ಬೇಕಾದ್ದಕ್ಕಿಂತ ಹೆಚ್ಚು ಸಲ ಅವಳನ್ನು ಕಟ್ಟಿಹಾಕಿದ್ದೂ ನಿಜ. ಆದರೂ ಬಲ ಕಸಿಯುವ ಸರಪಳಿಯನ್ನು ಬೆಸೆಯುವವನು ಗಂಡಸೇ ಆಗಿರಬೇಕೆಂಬ ಕಟ್ಟಳೆಯನ್ನು ಚಪಲವೊಂದೇ ವಿವರಿಸಲಾರದು. ಅದು ಹೋರಾಟದ ಚಿತ್ರಗಳಿಂದ ಬಂದ ಮಾತು. ಇನ್ನೂ ನೋಯಿಸುವ ಆಕ್ಷೇಪ ಬೇರೆ ಇದೆ: ಎಲಿಜಬೆತ್ ದುಡಿದು ಮನೆ ನಡೆಸಿದಳು, ಆಲಿವ್ ನಾಲ್ಕು ಮಕ್ಕಳನ್ನು ಸಾಕಿದಳು, ಪುಟದ ಮೇಲಿದ್ದದ್ದು ಮಾತ್ರ ಅವನ ಕಾವ್ಯನಾಮ. 1944ರಿಂದ ಅನೇಕ ಕತೆ ಬರೆದ ಜಾಯ್ ಹಮ್ಮೆಲ್ ಹೆಸರೂ ಅಲ್ಲಿರಲಿಲ್ಲ. ಈ ಅನ್ಯಾಯಕ್ಕೆ ಸಮರ್ಥನೆ ಇಲ್ಲ. ಆದರೆ ಇದು ಕಟಕಟೆಗೆ ತರುವುದು ಮಾರ್ಸ್ಟನ್‌ನನ್ನು. ನಾಯಕಿಯ ಬೇರು ಆ ಹೆಂಗಸರಲ್ಲಿತ್ತು ಎಂಬ ಮಾತು ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ.

1942ರಲ್ಲಿ ವಂಡರ್ ವುಮನ್‌ಳದೇ ಪತ್ರಿಕೆ ಶುರುವಾದಾಗ, ಚರಿತ್ರೆಯ ಹೆಣ್ಣುಗಳ ಬಗ್ಗೆ ಕೆಲವು ಪುಟಗಳು ಮೀಸಲಿದ್ದವು. ಮೊದಲನೆಯದು ಫ್ಲಾರೆನ್ಸ್ ನೈಟಿಂಗೇಲ್ ಕುರಿತದ್ದು. 1947ರಲ್ಲಿ ಮಾರ್ಸ್ಟನ್ ತೀರಿಕೊಂಡ. ಮುಂದಿನ ಕೆಲವೇ ವರ್ಷಗಳಲ್ಲಿ ಆ ಪುಟಗಳ ಜಾಗದಲ್ಲಿ ಮದುವೆಯ ಸಂಪ್ರದಾಯಗಳ ಬಗ್ಗೆ ಅಂಕಣ ಬಂತು.