ಚಾವಡಿ, ಪತ್ತಾಯ, ಹಟ್ಟಿ: ನಮ್ಮ ಸೀಮೆಯ ಒಂದು ಹಳೆಯ ಮನೆ

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ಬೇಕಲದ ಕೋಟೆ, ಕುಂಬಳೆಯ ಅರಸರ ಮಾಯಿಪ್ಪಾಡಿ ಅರಮನೆ, ಅಥವಾ ಯಾವುದಾದರೊಂದು ದೇವಾಲಯದ ಅಂಗಳದಲ್ಲಿ ನೆಟ್ಟ ಶಿಲಾಶಾಸನ. ಇವು ತಿಳಿಯಬೇಕಾದವೇ ಸರಿ. ಆದರೆ ಶಾಸನ ಬರೆಯಿಸಿದವರು ಕೆಲವರು. ಮನೆ ಕಟ್ಟಿ, ಮಾಡು ಹೊದಿಸಿ, ಮಳೆಗಾಲಗಳನ್ನು ಕಳೆದು ಬಾಳಿದವರು ಅಸಂಖ್ಯರು. ಅವರು ಕಟ್ಟಿಟ್ಟುದನ್ನು ಓದುವ ಅಭ್ಯಾಸ ನಮ್ಮ ಪಾಠಪುಸ್ತಕಗಳಲ್ಲಿಲ್ಲ. ಆದಕಾರಣ ನಮ್ಮ ಶಾಲೆಗೆ ಅನತಿದೂರದಲ್ಲಿರುವ ಹಳೆಯ ಮರಗೆಲಸದ ಮನೆಯೊಂದನ್ನೂ ಅದರ ಸುತ್ತಣ ಕಟ್ಟಡಗಳನ್ನೂ ಅಧ್ಯಾಪಕರೂ ಮೇಲಿನ ತರಗತಿಯ ಮಕ್ಕಳೂ ಸೇರಿ ಅಳೆದು ನಕ್ಷೆ ತೆಗೆದ ವಿಚಾರವನ್ನು ಇಲ್ಲಿ ನಿವೇದಿಸುತ್ತೇವೆ.

ಮನೆ ಮಂಜೇಶ್ವರಕ್ಕೂ ಕಾಸರಗೋಡಿಗೂ ನಡುವಣ ಒಂದು ಗ್ರಾಮದಲ್ಲಿದೆ. ಮನೆಯವರ ಇಚ್ಛೆಯಂತೆ ಊರನ್ನಾಗಲಿ ಮನೆತನವನ್ನಾಗಲಿ ಹೆಸರಿಸಿಲ್ಲ. ಬರುವ ಮಳೆಗಾಲಕ್ಕೆ ಮುನ್ನ ಇದನ್ನು ಬಿಚ್ಚುವುದೆಂದು ನಿಶ್ಚಯವಾಗಿದೆ. ಮರ ಕೊಳ್ಳುವವರು ಬಂದು ಕಂಬಗಳಿಗೆ ಸುಣ್ಣದ ಗುರುತು ಹಾಕಿ ಹೋಗಿದ್ದಾರೆ. ಬಿಚ್ಚುವವರ ಮೇಲೆ ನಮಗೆ ಕೋಪವಿಲ್ಲ. ಹನ್ನೊಂದು ಪಾಲುದಾರರಿರುವ ಮನೆಯಲ್ಲಿ ಈಗ ವಾಸಿಸುವವರು ಇಬ್ಬರು ವೃದ್ಧರು. ಸೋರುವ ಮಾಡನ್ನು ವರ್ಷವರ್ಷವೂ ದುರಸ್ತಿ ಮಾಡಿಸುವ ಖರ್ಚು ಅವರೊಬ್ಬರ ತಲೆಯ ಮೇಲೆಯೇ ಬೀಳುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಉಳಿಸಿರೆಂದು ಹೊರಗಿನವರು ಉಪದೇಶಿಸುವುದು ಸುಲಭ.

ಮೊದಲು ನೆಲೆಯನ್ನು ಹೇಳಬೇಕು. ನಮ್ಮ ಸೀಮೆಯಲ್ಲಿ ಮೇಲೆ ಬೋಳು ಮುರಕಲ್ಲಿನ ಗುಡ್ಡ, ಕೆಳಗೆ ಗದ್ದೆ ಅಥವಾ ಅಡಿಕೆ ತೋಟ. ಎರಡರ ಸಂಧಿಯಲ್ಲಿ ಮನೆ. ಗದ್ದೆಯ ನೆಲವನ್ನು ಮನೆಗಾಗಿ ಹಾಳುಮಾಡಬಾರದೆಂಬ ವಿವೇಕವೂ, ಗುಡ್ಡದ ನೀರು ಬಾವಿಗೆ ಒದಗಬೇಕೆಂಬ ಲೆಕ್ಕವೂ ಇದರಲ್ಲಿದೆ. ಗೋಡೆಗೆ ಮುರಕಲ್ಲು ಗುಡ್ಡದಿಂದಲೇ ದೊರೆತಿದೆ. ನೆಲದೊಳಗಿರುವಾಗ ಕೊಡಲಿಯ ಏಟಿಗೆ ತುಂಡಾಗುವಷ್ಟು ಮೆದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲನ್ನು ಫ್ರಾನ್ಸಿಸ್ ಬುಕಾನನ್ ಎಂಬವನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಕರೆದನು. ಭೂಗೋಳದ ಪಾಠದಲ್ಲಿ ಈ ಹೆಸರನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಅದು ತಮ್ಮ ಮನೆಯ ಗೋಡೆಯ ಹೆಸರೆಂದು ಗೊತ್ತಿರುವುದಿಲ್ಲ.

ಗೋಡೆ ಕಲ್ಲಿನದಾದರೂ ಈ ಮನೆಯ ದೇಹ ಮರದ್ದೆಂದೇ ಹೇಳಬೇಕು. ಗೋಡೆಯ ತಲೆಯ ಮೇಲೂ ಜಗಲಿಯ ಕಂಬಗಳ ಮೇಲೂ ಸುತ್ತುವರಿದು ಕುಳಿತಿರುವ ದಪ್ಪ ತೊಲೆಗೆ ಆಚಾರಿಗಳು ‘ಉತ್ತರ’ ಎನ್ನುತ್ತಾರೆ. ಉತ್ತರದ ಮೇಲೆ ಪಕಾಸುಗಳು, ಪಕಾಸಿನ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಪಕಾಸುಗಳು ಒಂದೊಂದಾಗಿ ಬಿಡಿಯಾಗಿ ನಿಂತಿಲ್ಲ. ಪ್ರತಿಯೊಂದರ ನಡುವೆ ತೂತು ಕೊರೆದು, ಮಾಲೆಯಲ್ಲಿ ಹೂ ಪೋಣಿಸಿದಂತೆ ಒಂದೇ ಮರದ ಪಟ್ಟಿಯಲ್ಲಿ ಎಲ್ಲವನ್ನೂ ಪೋಣಿಸಿದ್ದಾರೆ. ಒಂದರ ಮೇಲೆ ಬಿದ್ದ ಗಾಳಿಯ ಒತ್ತಡ ಎಲ್ಲಕ್ಕೂ ಹಂಚಿಹೋಗುತ್ತದೆ. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರ ತೂತಿಗೆ ಸೇರಿಸಿ, ಅಡ್ಡಲಾಗಿ ಮರದ ಬೆಣೆ ಬಡಿದಿರುವುದರಿಂದ ಮುಖ್ಯವಾದ ಕೂಡುಗಳಲ್ಲಿ ಕಬ್ಬಿಣದ ಮೊಳೆಯೇ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ ಮೊಳೆ ತುಕ್ಕು ಹಿಡಿದು ತನ್ನೊಡನೆ ಮರವನ್ನೂ ಕೆಡಿಸುತ್ತದೆ. ಮರದ ಬೆಣೆಯಾದರೋ ಮಳೆಗೆ ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ.

ಚಾವಡಿಯ ಆರು ಕಂಬಗಳೂ ಬೋದಿಗೆಗಳೂ ಹಲಸಿನ ಮರದವು. ಎಳೆಯದಾಗಿದ್ದಾಗ ಹಳದಿಯಾಗಿದ್ದ ಈ ಮರ ಎಣ್ಣೆ ಉಜ್ಜಿ ಉಜ್ಜಿ ಈಗ ಕಗ್ಗೆಂಪಾಗಿದೆ. ಉತ್ತರಗಳು ಕಿರಾಲುಬೋಗಿ. ಇದು ಒರಲೆಗೆ ಸುಲಭದಲ್ಲಿ ಮಣಿಯುವ ಜಾತಿಯಲ್ಲ. ಆದರೂ ಯಾವ ಕಂಬವೂ ನೆಲಕ್ಕೆ ತಾಗಿಲ್ಲ. ಒಂದೊಂದೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಅಡುಗೆಕೋಣೆಗೆ ಹೊಗೆಗೂಡಿಲ್ಲ. ಹೊಗೆ ಅಟ್ಟವನ್ನು ಹಾದು ಹೆಂಚಿನ ಸಂದುಗಳಿಂದ ಹೊರಬೀಳುತ್ತದೆ. ಹೆಂಗಸರ ಕಣ್ಣಿಗೂ ಶ್ವಾಸಕ್ಕೂ ಇದರಿಂದಾದ ಹಿಂಸೆ ಅಲ್ಪವಲ್ಲ; ಆದರೆ ಅದೇ ಹೊಗೆ ಕುಡಿದ ಪಕಾಸುಗಳಲ್ಲಿ ಒಂದೇ ಒಂದು ಹುಳು ಕೊರೆದ ತೂತೂ ನಮಗೆ ಸಿಗಲಿಲ್ಲ. ಮಾಡಿನ ಅಂಚು ಎಷ್ಟು ತಗ್ಗಾಗಿದೆಯೆಂದರೆ ಎತ್ತರದವರು ತಲೆ ಬಾಗದೆ ಜಗಲಿ ಏರುವಂತಿಲ್ಲ. ಇದು ವಿನಯ ಕಲಿಸಲೆಂದು ಮಾಡಿದ ಏರ್ಪಾಡೆಂದು ಊರಿನಲ್ಲಿ ಹೇಳುತ್ತಾರೆ. ಗಾಳಿಮಳೆಯ ಎರಚಲು ಗೋಡೆಗೆ ತಾಗಬಾರದೆಂಬುದೇ ನಿಜವಾದ ಕಾರಣವೆಂದು ನಮ್ಮ ಅಭಿಪ್ರಾಯ.

ಅಳತೆಯ ವಿಚಾರ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸಿತು. ನಮ್ಮ ಟೇಪಿನಲ್ಲಿ ಮೇಲುಮನೆಯ ಉತ್ತರ ಉದ್ದಕ್ಕೆ ಸುಮಾರು 10 ಮೀಟರ್ 8 ಸೆಂಟಿಮೀಟರ್, ಅಗಲಕ್ಕೆ 6 ಮೀಟರ್ 84 ಸೆಂಟಿಮೀಟರ್ ಬಂದಿತು. ಈ ಅಂಕೆಗಳಿಗೆ ಅರ್ಥವೇನೆಂದು ಮಕ್ಕಳು ಕೇಳಿದಾಗ, ನಮ್ಮೊಡನೆ ಬಂದಿದ್ದ ವೃದ್ಧ ಆಚಾರಿಯವರು ನಕ್ಕು, “ಮಾಷ್ಟ್ರೇ, ನಿಮ್ಮ ಟೇಪು ಬಿಡಿ, ಕೋಲಿನಲ್ಲಿ ಹೇಳಿ” ಎಂದರು. ಕೇರಳದ ತಚ್ಚುಶಾಸ್ತ್ರದಲ್ಲಿ ಒಂದು ಕೋಲಿಗೆ 24 ಅಂಗುಲ. ಈಗಿನ ಲೆಕ್ಕದಲ್ಲಿ 72 ಸೆಂಟಿಮೀಟರ್. ಭಾಗಿಸಿ ನೋಡಿದರೆ ಉದ್ದ ಸರಿಯಾಗಿ 14 ಕೋಲು, ಅಗಲ 9½ ಕೋಲು, ಸುತ್ತಳತೆ 47 ಕೋಲು! ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷಕ್ಕೆ ‘ಯೋನಿ’ ಎಂದು ಹೆಸರು. ಬೆಸ ಸಂಖ್ಯೆ ಉಳಿದರೆ ಶುಭ, ಸಮ ಸಂಖ್ಯೆ ಅಶುಭ. ಒಂದು ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ; ಕ್ರಮವಾಗಿ ಮೂಡು, ತೆಂಕು, ಪಡು, ಬಡಗುಗಳಿಗೆ ಸಲ್ಲುವಂಥವು. ನಮ್ಮ 47ನ್ನು ಮೂರರಿಂದ ಗುಣಿಸಿದರೆ 141; ಎಂಟರಿಂದ ಭಾಗಿಸಿದರೆ ಶೇಷ ಐದು, ಎಂದರೆ ವೃಷಭ. ಮೇಲುಮನೆ ಅಂಗಳದ ಪಡುವಣ ದಿಕ್ಕಿನಲ್ಲಿ ಮೂಡುಮುಖವಾಗಿಯೇ ಇದೆ. ಶುಭಾಶುಭಗಳನ್ನು ನಂಬುವುದೂ ಬಿಡುವುದೂ ಅವರವರಿಗೆ ಬಿಟ್ಟ ವಿಷಯ. ಆದರೆ ಕಾಗದದ ನಕ್ಷೆಯಿಲ್ಲದೆ, ಒಂದು ಕೋಲನ್ನೂ ಒಂದು ಸೂತ್ರವನ್ನೂ ಹಿಡಿದು ಮನೆಯ ಅಳತೆಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡ ಕೈಗಳ ಗಣಿತ ಅದು.

ಇನ್ನು ಕಾಲನಿರ್ಣಯ. ಮನೆಗೆ ನಾನೂರು ವರ್ಷವೆಂದು ಮನೆಯವರು ಹೇಳುತ್ತಾರೆ. ಅದನ್ನು ‘ಮನೆಯವರ ಹೇಳಿಕೆ’ ಎಂದೇ ಬರೆದುಕೊಂಡು, ಕಣ್ಣಿಗೆ ಕಾಣುವುದನ್ನು ಬೇರೆ ಪುಟದಲ್ಲಿ ಬರೆಯಬೇಕೆಂದು ಮಕ್ಕಳಿಗೆ ಹೇಳಿದೆವು. ಜಾರಿಬಿದ್ದ ಹೆಂಚೊಂದರ ಬೆನ್ನ ಮೇಲೆ ಬಾಸೆಲ್ ಮಿಶನ್ನಿನ ಮುದ್ರೆ ಸಿಕ್ಕಿತು. ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಶನ್ನಿನ ಹೆಂಚಿನ ಕಾರ್ಖಾನೆ ಆರಂಭವಾದುದು 1865ರಲ್ಲಿ. ಆದುದರಿಂದ ಈ ಹೆಂಚು ಅದಕ್ಕೆ ಹಿಂದಿನದಲ್ಲ. ಹಾಗೆಂದು ಮನೆಯೂ ಅಷ್ಟೇ ಹೊಸತೆಂದು ತಿಳಿಯಬಾರದು. ಪಕಾಸುಗಳ ಬೆನ್ನಿನಲ್ಲಿ ರೀಪಿಗೆ ಸಂಬಂಧವೇ ಇಲ್ಲದ ಹಳೆಯ ತೂತುಗಳ ಸಾಲೂ ಹಗ್ಗ ಉಜ್ಜಿದ ತಗ್ಗುಗಳೂ ಇವೆ. ಹಿಂದೊಮ್ಮೆ ಬಿದಿರು ಕಟ್ಟಿ ಮುಳಿಹುಲ್ಲು ಹೊದಿಸಿದ್ದರ ಗುರುತುಗಳಿವು. ಮಾಡಿನ ಕಡಿದಾದ ಇಳಿಜಾರೂ ಹುಲ್ಲಿಗೆ ತಕ್ಕದ್ದು. ಎಂದರೆ ಹೆಂಚಿಗಿಂತ ಮರ ಹಳೆಯದು. ಕಿಟಕಿಗಳಲ್ಲಿ ಹೆಚ್ಚಿನವಕ್ಕೆ ಮರದ ದಳಿ. ತೆಂಕಣ ಕೋಣೆಯ ಒಂದಕ್ಕೆ ಮಾತ್ರ ಕಬ್ಬಿಣದ ಸರಳು. ಆ ಕೋಣೆ ಈಚಿನ ಸೇರ್ಪಡೆಯೆಂಬುದು ಗೋಡೆಯ ಬಿರುಕಿನಿಂದಲೂ ಸ್ಪಷ್ಟವಾಗುತ್ತದೆ.

ಮನೆಯೊಳಗೆ ಅತ್ಯಂತ ವಿಸ್ಮಯಕರವಾದುದು ಪತ್ತಾಯ. ಇದು ಪೆಟ್ಟಿಗೆಯೆಂದರೆ ಪೆಟ್ಟಿಗೆ, ಕೋಣೆಯೆಂದರೆ ಕೋಣೆ. ಅಕ್ಕಪಕ್ಕದ ನಿಲುಗಂಬಗಳಲ್ಲಿ ಗಾಡಿ ತೆಗೆದು, ಹಲಗೆಗಳನ್ನು ಮೇಲಿನಿಂದ ಒಂದರ ಮೇಲೊಂದು ಇಳಿಸುತ್ತಾರೆ. ಬತ್ತ ಏರಿದಂತೆ ಹಲಗೆ ಏರುತ್ತದೆ, ಮೇಲಿನದಕ್ಕೆ ಬೀಗ. ಹಲಗೆಗಳಲ್ಲಿ ಉಳಿಯಿಂದ ಕೆತ್ತಿದ ಗೀಟುಗಳೇ ಅವುಗಳ ಕ್ರಮಸಂಖ್ಯೆ. ಇಷ್ಟು ದೊಡ್ಡ ಪತ್ತಾಯ ಏಕೆ ಬೇಕಾಯಿತೆಂಬುದಕ್ಕೆ ಉತ್ತರ ಮನೆಯ ಕಡತದಲ್ಲಿದೆ. ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ಅಳೆದ ಅಕ್ಕಿಬತ್ತದ ಲೆಕ್ಕ ಅದರಲ್ಲಿ ಮುಡಿಗಳಲ್ಲಿ ನಡೆದಿದೆ. ಬೈಹುಲ್ಲಿನಲ್ಲಿ ಗುಂಡಗೆ ಕಟ್ಟುವ ಒಂದು ಮುಡಿಗೆ ಮೂರು ಕಳಸೆ, ಎಂದರೆ 42 ಸೇರು. ಕೇರಳದಲ್ಲಿ ಭೂಸುಧಾರಣೆಯ ಮುಖ್ಯ ವಿಧಿಗಳು 1970ನೆಯ ಜನವರಿ 1ರಿಂದ ಜಾರಿಗೆ ಬಂದು ಒಕ್ಕಲು ಭೂಮಿಯ ಒಡೆಯನಾದನು, ಗೇಣಿ ನಿಂತಿತು. ಗೇಣಿಯೊಡನೆ ಪತ್ತಾಯವೂ ಬರಿದಾಯಿತು. ಒಕ್ಕಲಿನ ಮೊಮ್ಮಕ್ಕಳು ಇಂದು ನಮ್ಮ ತರಗತಿಯಲ್ಲಿ ಕುಳಿತಿದ್ದಾರೆ, ಅಳತೆಯ ಟೇಪಿನ ಒಂದು ತುದಿ ಹಿಡಿದವರಲ್ಲಿ ಅವರೂ ಇದ್ದರು. ಆದುದರಿಂದ ಈ ಬರಿದಾದುದಕ್ಕೆ ನಾವು ಕಣ್ಣೀರಿಡಲಾರೆವು. ಆದರೆ ಆ ಹಲಗೆಗಳ ಕೂಡುವಿಕೆ ಯಾರ ಬೆವರಿನಿಂದ ತುಂಬಿತ್ತೆಂಬುದನ್ನೂ ಯಾರ ಕೌಶಲದಿಂದ ನಿಂತಿತ್ತೆಂಬುದನ್ನೂ ಎರಡನ್ನೂ ಬರೆದಿಡಬೇಕು.

ಮನೆತನ ಅಳಿಯಸಂತಾನ ಕಟ್ಟಿನದು. ಹೆಣ್ಣುಮಕ್ಕಳೂ ಅವರ ಸಂತತಿಯೂ ಹುಟ್ಟಿದ ಮನೆಗೇ ಸೇರಿದವರಾದುದರಿಂದ ಒಳಗೆ ಸಣ್ಣ ಸಣ್ಣ ಕೋಣೆಗಳು ಸಾಲಾಗಿವೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ತೆರೆಯಿತು. 1976ನೆಯ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬವೆಂಬ ಸಂಸ್ಥೆಯೇ ಕಾನೂನಿನಲ್ಲಿ ಇಲ್ಲವಾಯಿತು. ಹಲವು ಮನೆತನಗಳಲ್ಲಿ ತರವಾಡು ಮನೆ ಈಗ ವರ್ಷಕ್ಕೊಮ್ಮೆ ದೈವಕ್ಕೆ ದೀಪವಿಡಲು ಮಾತ್ರ ತೆರೆಯುತ್ತದೆ. ಇಲ್ಲಿಯೂ ಚಾವಡಿಯ ಒಳಬದಿಯಲ್ಲಿ ದೈವದ ಕೋಣೆ ಇದೆ; ಅದನ್ನು ನಾವು ಅಳೆಯಲಿಲ್ಲ, ಹೊರಗಿನಿಂದ ಗುರುತಿಸಿಕೊಂಡೆವು.

ಹೊರಗಣ ಕಟ್ಟಡಗಳಲ್ಲಿ ಹಟ್ಟಿಗೆ ಮೊದಲ ಸ್ಥಾನ. ಇದು ಅಂಗಳಕ್ಕಿಂತ ತಗ್ಗಿನಲ್ಲಿ, ಗದ್ದೆಯ ಕಡೆಗಿದೆ. ಗುಡ್ಡದ ಹಸಿರು ಸೊಪ್ಪನ್ನು ದನಗಳ ಕಾಲಡಿಗೆ ಹಾಸಿ, ಅದು ತುಳಿದು ಕೊಳೆತು ಗೊಬ್ಬರವಾದ ಮೇಲೆ ಬುಟ್ಟಿಯಲ್ಲಿ ನೇರವಾಗಿ ಗದ್ದೆಗೆ ಇಳಿಸಲು ಇದೇ ಅನುಕೂಲ. ಮೇಲುಮನೆಯಲ್ಲಿ ಕೆತ್ತನೆಯ ಕಂಬಗಳಿದ್ದರೆ ಇಲ್ಲಿ ಸಿಪ್ಪೆ ತೆಗೆದ ಕಾಡುಮರ, ಅಡಿಕೆಯ ಸಲಾಕೆ. ಬಚ್ಚಲುಕೊಟ್ಟಿಗೆ ಬಾವಿಯ ಬಳಿ; ಕುಚ್ಚಿಲಕ್ಕಿಗಾಗಿ ಬತ್ತ ಬೇಯಿಸುತ್ತಿದ್ದ ದೊಡ್ಡ ಒಲೆ ಅದರ ಪಕ್ಕಕ್ಕೆ, ಒನಕೆಯ ಪೆಟ್ಟಿಗೆ ಹೊಂಡಬಿದ್ದ ಒರಳುಕಲ್ಲು ಅಲ್ಲಿಯೇ. ಸೌದೆಯ ಕೊಟ್ಟಿಗೆ ಅರ್ಧ ಕುಸಿದಿದೆ. ಅಂಗಳದ ಮೂಡಣ ಅಂಚಿನಲ್ಲಿ ಪಡಿಪ್ಪಿರೆ, ಎಂದರೆ ಎರಡು ಬದಿಗೂ ಚಿಟ್ಟೆಗಳುಳ್ಳ ಹೆಬ್ಬಾಗಿಲು. ನಕ್ಷೆಯಲ್ಲಿ ಗೀಟು ಎಳೆಯದ ಕೆಲವು ಗೆರೆಗಳೂ ಇಲ್ಲಿದ್ದವು. ಯಾರು ಪಡಿಪ್ಪಿರೆಯ ಹೊರಗೆ ನಿಲ್ಲಬೇಕು, ಯಾರು ಅಂಗಳದವರೆಗೆ ಬರಬಹುದು, ಯಾರು ಜಗಲಿ ಏರಬಹುದು ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಕೆಲಸದವರಿಗೆ ಗಂಜಿ ಬಡಿಸುತ್ತಿದ್ದ ಜಾಗ ಹಟ್ಟಿಯ ಹಿಂದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಕಟ್ಟಡ ಮಾತ್ರ ಅದನ್ನು ಮರೆತಿಲ್ಲ. ಈ ಜಾಗಗಳನ್ನು ಮನೆಯ ಹಿರಿಯಮ್ಮನವರೇ ಮುಚ್ಚುಮರೆಯಿಲ್ಲದೆ ತೋರಿಸಿಕೊಟ್ಟರು. ಚುಕ್ಕಿಗೆರೆಗಳಿಂದ ನಕ್ಷೆಯಲ್ಲಿ ಸೇರಿಸಿದ್ದೇವೆ.

ಪದಗಳ ವಿಚಾರ ಒಂದೆರಡು ಮಾತು. ಮರದ ಮಾಳಿಗೆಗೆ ‘ಮುಚ್ಚಿಗೆ’, ಬಾಗಿಲುವಾಡಕ್ಕೆ ‘ದಾರಂದ’, ತೆಂಗಿನ ಹೆಣೆದ ಗರಿಗೆ ‘ಮಡಲು’. ಕೆಲವು ಕನ್ನಡ, ಕೆಲವು ತುಳು, ಪಡಿಪ್ಪಿರೆ ಪತ್ತಾಯಗಳಂಥವು ಮಲಯಾಳದಲ್ಲಿಯೂ ಬಳಕೆಯಲ್ಲಿರುವವು. ಇವನ್ನು ಶುದ್ಧಗೊಳಿಸಿ ಗ್ರಾಂಥಿಕ ಪದಗಳನ್ನು ತುಂಬಬೇಕೆಂದು ಕೆಲವರ ಸಲಹೆ ಬಂದಿತ್ತು. ನಮಗದು ಒಪ್ಪಿಗೆಯಾಗಲಿಲ್ಲ, ಆಚಾರಿಯ ಬಾಯಲ್ಲಿದ್ದಂತೆಯೇ ಬರೆದೆವು. ಅದೇ ವೇಳೆಗೆ, ಕಡತವನ್ನೂ ವರ್ಗದ ಹಳೆಯ ಕಾಗದಪತ್ರಗಳನ್ನೂ ಓದಿದವರು ನಮ್ಮ ಕನ್ನಡ ಶಾಲೆಯ ಮಕ್ಕಳೇ ಎಂಬುದನ್ನು ಹೇಳದಿರಲಾರೆವು. 1956ನೆಯ ನವೆಂಬರ್ 1ಕ್ಕೆ ಹಿಂದೆ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗಿನ ಈ ಕಾಗದಗಳು ಕನ್ನಡದಲ್ಲಿವೆ. ಪಟ್ಟಣದಲ್ಲಿ ಓದಿದ ಆ ಮನೆಯ ಮೊಮ್ಮಕ್ಕಳಿಗೆ ಅವು ಬರಿಯ ಕಪ್ಪುಬಟ್ಟೆ. ತಮ್ಮ ಮುತ್ತಜ್ಜಿಯ ಹೆಸರನ್ನು ಏಳನೆಯ ತರಗತಿಯ ಹುಡುಗಿಯ ಬಾಯಿಂದ ಅವರು ಕೇಳಿ ತಿಳಿದರು.

ಮರದ ಮನೆಗೆ ಒಂದು ಗುಣವುಂಟು: ಕೂಡಿಸಿದ್ದಕ್ಕೆ ಹಿಮ್ಮುಖವಾದ ಕ್ರಮದಲ್ಲಿ ಬಿಚ್ಚಿದರೆ ಅದು ಮತ್ತೆ ನಿಲ್ಲುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೇರೆ ಬೇರೆ ಊರುಗಳ ಹಳೆಯ ಮನೆಗಳನ್ನು ಹೀಗೆಯೇ ಬಿಡಿಬಿಡಿಯಾಗಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಪುನಃ ನಿಲ್ಲಿಸಿದರು. ಅಂಥ ಸಾಮರ್ಥ್ಯ ನಮ್ಮ ಸಂಘಕ್ಕಿಲ್ಲ. ಆದರೆ ಬಿಚ್ಚುವ ಮುನ್ನ ಪ್ರತಿ ಮರಕ್ಕೂ ನಂಬ್ರ ಬರೆಯುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಯಜಮಾನರೊಡನೆ ಮಾತಾಡಿದಾಗ, ಚಾವಡಿಯ ಆರು ಕಂಬ, ಬೋದಿಗೆ, ಅವುಗಳ ಮೇಲಣ ಉತ್ತರ ಇಷ್ಟನ್ನು ಮಾರದೆ ಹಟ್ಟಿಯಲ್ಲಿ ಇರಿಸುವುದಕ್ಕೆ ಸಮ್ಮತಿಸಿದ್ದಾರೆ. ಪತ್ತಾಯವೂ ಪಕಾಸುಗಳೂ ಹೋಗುತ್ತವೆ. ನಂಬ್ರ ಬರೆಯುವ ಕೆಲಸವನ್ನು ಬರುವ ಎರಡು ಭಾನುವಾರಗಳಲ್ಲಿ ಮುಗಿಸಬೇಕಾಗಿದೆ. ಆಚಾರಿಯವರು ಬರುವುದಾಗಿ ಹೇಳಿದ್ದಾರೆ. ಪಡಿಪ್ಪಿರೆಯ ಮೇಲ್ಮಾಡಿನ ಅಳತೆ ಇನ್ನೂ ಬಾಕಿ ಇದೆ. ಏಣಿ ಇರುವ ಮಿತ್ರರು ಯಾರಾದರೂ ಅಂದು ಬೆಳಿಗ್ಗೆ ಒಂಬತ್ತಕ್ಕೆ ಶಾಲೆಗೆ ತಂದುಕೊಟ್ಟರೆ ಉಪಕಾರವಾಗುವುದು.