ನೂರಕ್ಕೆ ನೂರು ಬಂದ ಮೇಲೆ ಇನ್ನೊಂದು ಅರ್ಜಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸೇನೆಯಲ್ಲಿ ಸೇವೆ ಸಲ್ಲಿಸಿ, ಬೆನ್ನುಮೂಳೆಗೆ ಪೆಟ್ಟಾಗಿ ಹೊರಬಂದು, ಈಗ ಕೃಷ್ಣರಾಜಪುರದಲ್ಲಿ ನೆಲೆಸಿದ್ದಾನೆ. ಕಾಫಿ ಕುಡಿದು ಲೋಟ ಕೆಳಗಿಡುತ್ತಾ, "ಸರ್, ನನ್ನ ಅಂಗವೈಕಲ್ಯವನ್ನು ನೂರು ಪ್ರತಿಶತ ಎಂದು ಒಪ್ಪಿದ್ದಾರೆ. ಲೇಹ್‌ನಲ್ಲಿದ್ದಾಗ ಶುರುವಾದ ರಕ್ತದೊತ್ತಡವನ್ನೂ ಸೇರಿಸಿ ಎಂದು ಈಗ ಅರ್ಜಿ ಹಾಕಬೇಕೇ, ಬೇಡವೇ?" ಎಂದು ಕೇಳಿದ. ಸಮಾಜ ವಿಜ್ಞಾನದ ಮೇಷ್ಟರನ್ನು ಕೇಳುವ ಪ್ರಶ್ನೆಯಲ್ಲ ಅದು. ಆದರೆ ಇದೇ ಪ್ರಶ್ನೆ ಹನ್ನೊಂದು ಹನ್ನೆರಡು ವರ್ಷಗಳ ಹಿಂದೆ ನಮ್ಮ ಮನೆಯೊಳಗೇ ಎದ್ದಿತ್ತು. ಆಗ ನಾನು ಕೊಟ್ಟ ಸಲಹೆ ಸರಿಯೇ ತಪ್ಪೇ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದನ್ನೇ ಇಂದು ಬರೆಯುತ್ತಿದ್ದೇನೆ.

ಮೊದಲಿಗೆ ಸ್ವಲ್ಪ ಇತಿಹಾಸ. ನಿಮ್ಮನ್ನು ಕಸ್ತೂರಬಾ ರಸ್ತೆಯ ವಸ್ತು ಸಂಗ್ರಹಾಲಯಕ್ಕೆ ಕರೆದೊಯ್ದದ್ದು ಹಲವರಿಗೆ ನೆನಪಿರಬಹುದು. ಅಲ್ಲಿ ಬೇಗೂರಿನ ವೀರಗಲ್ಲೊಂದಿದೆ. ಕಾಲ ಸುಮಾರು ಕ್ರಿ.ಶ. 890. ಗಂಗರ ಪರವಾಗಿ ಕಾದಾಡಿ ಮಡಿದ ನಾಗತ್ತರನ ಕಲ್ಲು ಅದು. ಅವನು ಸತ್ತ ಮೇಲೆ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟನೆಂದು ಶಾಸನ ಹೇಳುತ್ತದೆ. ಸುಮ್ಮನೆ ಕೊಟ್ಟನೆಂದು ಹೇಳಿ ಬಿಡದೆ ಊರುಗಳ ಹೆಸರನ್ನೂ ಪಟ್ಟಿ ಮಾಡಿದೆ. ಹೋರಾಡಿ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ನಮ್ಮ ಶಾಸನಗಳಲ್ಲಿ 'ನೆತ್ತರುಕೊಡಗೆ' ಎಂಬ ಮಾತುಂಟು. ರಕ್ತಕ್ಕೆ ಪ್ರತಿಯಾಗಿ ಭೂಮಿ, ಅದಕ್ಕೆ ಸಾಕ್ಷಿಯಾಗಿ ಕಲ್ಲು. ಆದರೆ ನಾನು ಕಂಡ ವೀರಗಲ್ಲುಗಳೆಲ್ಲ ಸತ್ತವರವು. ಕಾಲು ಕಳೆದುಕೊಂಡು ಊರಿಗೆ ಹಿಂತಿರುಗಿ ನಲವತ್ತು ವರ್ಷ ಬಾಳಿದವನಿಗೆ ಕಲ್ಲನ್ನು ಯಾರೂ ನಿಲ್ಲಿಸಿದಂತೆ ಕಾಣೆ. ಅಂಥವನ ಪಾಲಿಗೆ ಇಂದು ಕಲ್ಲಿನ ಸ್ಥಾನದಲ್ಲಿರುವುದು ಪಿಂಚಣಿಯ ಕಾಗದ.

ನಮ್ಮ ಪೂರ್ವ ಬೆಂಗಳೂರು ಇಂಥ ಕಾಗದಗಳ ಊರು. 1809ರಲ್ಲಿ ಇಲ್ಲಿ ದಂಡು ಪ್ರದೇಶ ಸ್ಥಾಪನೆಯಾದಂದಿನಿಂದ ಹಲಸೂರು, ಶಿವಾಜಿನಗರ, ಆಗರಂ ಕಡೆಯ ಬೀದಿಗಳಲ್ಲಿ ಸೈನಿಕರ ಮನೆಗಳಿವೆ. 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಹಲಸೂರು ಕೆರೆಯ ಮಗ್ಗುಲಲ್ಲೇ ಇದೆ. ಇಂದಿರಾನಗರದಲ್ಲಿ ಡಿಫೆನ್ಸ್ ಕಾಲೊನಿಯೇ ಇದೆ. ನನ್ನ ಅಕ್ಕನನ್ನು ಕೊಟ್ಟದ್ದು ಹಲಸೂರಿನ ಇಂಥದೇ ಒಂದು ಮನೆಗೆ. ಭಾವನವರು ಸ್ಯಾಪರ್. 1971ರ ಡಿಸೆಂಬರಿನಲ್ಲಿ ಶಕರಗಢ ವಲಯದಲ್ಲಿ ನೆಲಬಾಂಬುಗಳನ್ನು ತೆರವುಗೊಳಿಸುವಾಗ ಒಂದು ಸಿಡಿದು, ಎಡಗಾಲನ್ನು ತೊಡೆಯವರೆಗೆ ತೆಗೆಯಬೇಕಾಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಮರದ ಕಾಲು ಹಾಕಿಸಿಕೊಂಡು ಬಂದರು. ಮೆಡಿಕಲ್ ಬೋರ್ಡು ಅಂಗವೈಕಲ್ಯವನ್ನು 80 ಪ್ರತಿಶತ ಎಂದು ಬರೆಯಿತು. ಅದೇ ಸ್ಫೋಟದಲ್ಲಿ ಎರಡು ಕಿವಿಗಳೂ ಮಂದವಾಗಿದ್ದವು. ಕಾಲೇ ಹೋದಾಗ ಕಿವಿಯ ಮಾತನ್ನು ಅವರೂ ಎತ್ತಲಿಲ್ಲ, ಬೇರೆ ಯಾರೂ ಎತ್ತಲಿಲ್ಲ.

ಈ 80 ಮುಂದೆ 100 ಆದದ್ದು ಹೇಗೆಂಬುದು ತಿಳಿದರೆ ಪ್ರಶ್ನೆಯ ಗಂಟು ಬಿಚ್ಚುತ್ತದೆ. ಐದನೆಯ ವೇತನ ಆಯೋಗದ ಶಿಫಾರಸಿನಂತೆ 2001ರ ಜನವರಿ 31ರಂದು ರಕ್ಷಣಾ ಸಚಿವಾಲಯ ಒಂದು ಆದೇಶ ಹೊರಡಿಸಿತು. ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ಅಂಗವೈಕಲ್ಯದ ಕಾರಣ ಹೊರಬಂದವರಿಗೆ 50ಕ್ಕಿಂತ ಕಡಿಮೆ ಇದ್ದರೆ 50 ಎಂದೂ, 50ರಿಂದ 75ರವರೆಗೆ 75 ಎಂದೂ, 76ರಿಂದ 100ರವರೆಗೆ 100 ಎಂದೂ ಲೆಕ್ಕ ಹಿಡಿಯಬೇಕು. ನಮ್ಮ ಪರೀಕ್ಷೆಗಳ ಕೃಪಾಂಕದಂತೆ ಎಂದು ಬೇಕಾದರೆ ತಿಳಿಯಿರಿ. ಭಾವನವರಂಥ ಹಳಬರಿಗೆ ಇದು ಇನ್ನೂ ತಡವಾಗಿ ದಕ್ಕಿತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್ 10ರಂದು ಹೇಳಿತು.

ಆ ವರ್ಷವೇ ನಾನು ಭಾವನವರ ಮುಂದೆ ಕಿವಿಯ ಮಾತೆತ್ತಿದೆ. ಹಿಂದಿನ ವರ್ಷ, 2013ರ ಜುಲೈಯಲ್ಲಿ, ಧರಮ್‌ವೀರ್ ಸಿಂಗ್ ಪ್ರಕರಣದ ತೀರ್ಪು ಬಂದಿತ್ತು. ಸೇನೆಗೆ ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ನಮೂದಿಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎಂದಾದರೆ ಅದನ್ನು ತೋರಿಸುವ ಹೊಣೆ ಸರ್ಕಾರದ್ದು ಎಂಬುದು ಅದರ ಸಾರ. ನನಗೆ ಹುರುಪು ಬಂದಿತ್ತು. ಅರ್ಜಿಯ ಕರಡನ್ನು ಬರೆದುಕೊಂಡೇ ಹಲಸೂರಿಗೆ ಹೋದೆ. ಭಾವನವರು ನಕ್ಕು, "ನೂರಕ್ಕೆ ನೂರು ಬಂದ ಮೇಲೆ ಇನ್ನೇನು ಮೇಷ್ಟ್ರೇ? ನೂರಾ ಒಂದು ಕೊಡ್ತಾರಾ?" ಎಂದರು. ಅಕ್ಕ ಒಳಗಿನಿಂದಲೇ, "ನಿಮಗೆ ಕಿವಿ ಕೇಳಿಸೋಲ್ಲ ಅಂತ ನನಗೆ ಗೊತ್ತು. ಸರ್ಕಾರಕ್ಕೆ ಗೊತ್ತಾಗಿ ಏನಾಗಬೇಕು?" ಎಂದಳು.

ಇಬ್ಬರ ಮಾತೂ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಹಲವು ಅಂಗವೈಕಲ್ಯಗಳಿದ್ದರೆ ಅವುಗಳ ಪ್ರತಿಶತವನ್ನು ಅಂಗಡಿಯ ಚೀಟಿಯಂತೆ ಕೂಡುವುದಿಲ್ಲ. ಬೋರ್ಡು ಎಲ್ಲವನ್ನೂ ಒಟ್ಟಾಗಿ ನೋಡಿ ಒಂದು ಅಂಕಿ ಕೊಡುತ್ತದೆ, ಅದು ನೂರನ್ನು ಮೀರದು. ಅಮೆರಿಕದಲ್ಲೂ ಹಾಗೆಯೇ. ಅಲ್ಲಿ 50 ಮತ್ತು 50 ಸೇರಿದರೆ 75 ಆಗಿ, ಹತ್ತಿರದ ಹತ್ತಕ್ಕೆ ಸರಿಸಿದಾಗ 80 ಆಗುತ್ತದೆ. ಆದರೆ ಅಲ್ಲಿ ನೂರರ ಮೇಲೂ ಒಂದು ಮೆಟ್ಟಿಲಿದೆ. ಒಂದೇ ಅಂಗವೈಕಲ್ಯಕ್ಕೆ ಪೂರ್ಣ ಅಂಕ ಬಂದು, ಬೇರೆಯವು ಪ್ರತ್ಯೇಕವಾಗಿ 60 ಮುಟ್ಟಿದರೆ ತಿಂಗಳ ಮೊತ್ತ ಹೆಚ್ಚುತ್ತದೆ. ನಮ್ಮಲ್ಲಿ ನೂರರ ಮೇಲಿರುವುದು ನಿರಂತರ ಪರಿಚಾರಕ ಭತ್ಯೆ: ಪೂರ್ಣ ಅಂಗವೈಕಲ್ಯವಿದ್ದು, ಸದಾ ಒಬ್ಬರ ನೆರವು ಬೇಕೆಂದು ಬೋರ್ಡು ಶಿಫಾರಸು ಮಾಡಿದರೆ ಮಾತ್ರ. ಕಿವಿ ಮಂದವಾದ ಮಾತ್ರಕ್ಕೆ ಅದು ಬಾರದು.

ಇನ್ನು ಕುಟುಂಬದ ವಿಚಾರ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ 30 ಪ್ರತಿಶತ. ಸೇವೆಗೆ ಸಂಬಂಧಿಸಿದ ಕಾರಣದಿಂದ ಸಾವು ಬಂದರೆ ದೊರೆಯುವ ವಿಶೇಷ ಕುಟುಂಬ ಪಿಂಚಣಿ 60 ಪ್ರತಿಶತ. ಅದಕ್ಕೆ ಕಾಲಮಿತಿ ಮೊದಲಾದ ನಿಬಂಧನೆಗಳುಂಟು. ಆದ್ದರಿಂದ ಮುಂದೆ ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ ದಾಖಲೆಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಹೆಂಡತಿಯ ಪಾಲಿಗೆ ವ್ಯತ್ಯಾಸವಾಗಬಹುದು. ಕಿವುಡಿನಿಂದ ಯಾರೂ ಸಾಯುವುದಿಲ್ಲ.

ಇಷ್ಟಾದರೂ ನಾನು ಹಟ ಬಿಟ್ಟಿರಲಿಲ್ಲ. ನನ್ನನ್ನು ತಡೆದದ್ದು ಇನ್ನೊಂದು ಆದೇಶ. 2001ರ ಫೆಬ್ರವರಿ 7ರ ಆ ಆದೇಶವನ್ನು ಓದುವ ತನಕ ನನಗೆ ಅದರ ಅರಿವೇ ಇರಲಿಲ್ಲ. ಹಿಂದೆ ಅಂಗವಿಕಲ ಯೋಧರು ಕೆಲವು ವರ್ಷಗಳಿಗೊಮ್ಮೆ ಮರುಪರೀಕ್ಷೆಯ ಬೋರ್ಡಿನ ಮುಂದೆ ಹಾಜರಾಗಬೇಕಿತ್ತು. ಆ ಆದೇಶ ಅದನ್ನು ನಿಲ್ಲಿಸಿತು. ಶಾಶ್ವತ ಸ್ವರೂಪದ ಅಂಗವೈಕಲ್ಯವಾದರೆ ಒಮ್ಮೆ ಕೊಟ್ಟ ಅಂಕಿಯೇ ಜೀವನಪರ್ಯಂತ ಅಂತಿಮ. ಆ ವ್ಯಕ್ತಿ ತಾನಾಗಿಯೇ ಮರುಪರಿಶೀಲನೆ ಕೇಳಿದರೆ ಮಾತ್ರ ಬೇರೆ ಮಾತು. ಮುಚ್ಚಿದ ಬಾಗಿಲನ್ನು ತೆರೆಯುವ ಕೀಲಿಕೈ ಇರುವುದು ನಮ್ಮ ಕೈಯಲ್ಲೇ. ಹೊಸ ಬೋರ್ಡು ಕಾಲಿಗೆ 80ರ ಬದಲು 70 ಎಂದು ಬರೆದು, ಕಿವಿಯನ್ನು ಸೇವೆಯಿಂದ ಬಂದದ್ದಲ್ಲ ಎಂದರೆ, ಕೃಪಾಂಕದ ಲೆಕ್ಕದಲ್ಲಿ ನೂರು ಹೋಗಿ ಎಪ್ಪತ್ತೈದಾಗುತ್ತದೆ. ಹಾಗೆಯೇ ಆಗುತ್ತದೆಂದಲ್ಲ; ಆಗಲಾರದೆಂಬ ಭರವಸೆಯೂ ಇರಲಿಲ್ಲ. ಗಳಿಕೆ ಸೊನ್ನೆ, ನಷ್ಟದ ಸಂಭವ ಸ್ವಲ್ಪವಾದರೂ ಉಂಟು. ಕರಡನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. "ಬೇಡ ಭಾವ, ಹಾಕುವುದು ಬೇಡ" ಎಂದೆ.

ಭಾವನವರು ಸುಮ್ಮನಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಅರ್ಜಿ ಬೇಡ. ಆದರೆ ಬರೆದಿಡಿ ಮೇಷ್ಟ್ರೇ" ಎಂದರು. ಏನನ್ನು ಎಂದು ಕೇಳಿದೆ. "ಅವತ್ತು ಏನಾಯ್ತು ಅನ್ನೋದನ್ನ. ಕಾಲಿನ ಕತೆ ಎಲ್ಲರಿಗೂ ಕಾಣುತ್ತೆ. ಕಿವಿಯದ್ದು ಯಾರಿಗೂ ಕಾಣಲ್ಲ" ಎಂದರು. ನಲವತ್ತಮೂರು ವರ್ಷಗಳಲ್ಲಿ ಅವರು ಆ ರಾತ್ರಿಯ ವಿಷಯ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಹೇಳುತ್ತಾ ಹೋದರು, ನಾನು ಎರಡು ಹಾಳೆ ಬರೆದೆ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅಕ್ಕನಿಗೂ ಅದರಲ್ಲಿ ಎಷ್ಟೋ ಸಂಗತಿ ಹೊಸದು. ಶ್ರವಣ ಪರೀಕ್ಷೆ ಮಾಡಿಸಿ ಅದರ ವರದಿಯನ್ನೂ ಜೊತೆಗಿಟ್ಟು, ಅವರ ಸಹಿ ಮಾಡಿಸಿ, ಪಿಂಚಣಿಯ ಕಾಗದಗಳಿದ್ದ ಟ್ರಂಕಿನಲ್ಲಿ ಇಟ್ಟೆವು.

2019ರಲ್ಲಿ ಭಾವನವರು ತೀರಿಕೊಂಡರು. ತಿಥಿಯ ಮಾರನೆಯ ದಿನ ಅವರ ಮೊಮ್ಮಗ ಆ ಹಾಳೆಗಳನ್ನು ಓದಿದ. ತಾತ ಎಲ್ಲರ ಮೇಲೂ ಕೂಗಾಡುತ್ತಾರೆ, ಕರೆದರೆ ತಿರುಗಿಯೂ ನೋಡುವುದಿಲ್ಲ ಎಂದು ಚಿಕ್ಕಂದಿನಿಂದ ಅವರಿಂದ ದೂರವೇ ಉಳಿದಿದ್ದ ಹುಡುಗ ಅವನು. ಓದಿ ಮುಗಿಸಿ, "ಅಜ್ಜಿ, ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದ. ಅಕ್ಕ ನನ್ನ ಮುಖ ನೋಡಿದಳು. ನನ್ನಲ್ಲೂ ಉತ್ತರವಿರಲಿಲ್ಲ. ಹಣದ ಲೆಕ್ಕದಲ್ಲಿ ನನ್ನ ಸಲಹೆ ಸರಿಯಾಗಿತ್ತೆಂದೇ ಈಗಲೂ ನಂಬಿದ್ದೇನೆ. ಆದರೆ ಅರ್ಜಿ ಹಾಕುವುದು, ಬಿಡುವುದು ಎಂಬ ಎರಡನ್ನು ಬಿಟ್ಟು ಮೂರನೆಯದೊಂದು ಇದೆಯೆಂದು ನನಗೆ ಹೊಳೆದಿರಲಿಲ್ಲ. ಅದು ಹೊಳೆದದ್ದು ಅವರಿಗೆ.

ಕೃಷ್ಣರಾಜಪುರದ ನನ್ನ ವಿದ್ಯಾರ್ಥಿಯ ವಿಷಯ ಬೇರೆ. ಅವನು ಕೇಳುತ್ತಿರುವುದು ರಕ್ತದೊತ್ತಡದ ಮಾತು. ಅವನ ಹೆಂಡತಿ ಇನ್ನೂ ಚಿಕ್ಕವಳು, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಭಾವನವರಿಗೆ ಬೇಡವಾದ ಅರ್ಜಿ ಅವನಿಗೆ ಬೇಕಾಗಬಹುದು. ಅವನಿಗೆ ಮೂರು ಮಾತು ಹೇಳಿದೆ. ಬೋರ್ಡಿನ ನಡಾವಳಿಯ ಪ್ರತಿ ತರಿಸಿ, ನೂರು ಎಂಬುದು ನಿಜವಾದ ನೂರೋ ಮೇಲಕ್ಕೆ ಸರಿಸಿದ ನೂರೋ ನೋಡು. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ನಿನಗೆ ಅನ್ವಯಿಸುವುದು ಹಳೆಯದೋ ಹೊಸದೋ ಎಂದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸು. ಮಾಡುವುದಾದರೆ ತಡಮಾಡಬೇಡ, 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ, ತಡವಾಗಿ ಬಂದವರಿಗೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೀಮಿತ.

ಅವನು ಇನ್ನೂ ತೀರ್ಮಾನಿಸಿಲ್ಲ. ಹೊರಡುವಾಗ ನಾಲ್ಕನೆಯ ಮಾತೊಂದನ್ನು ಹೇಳಿ ಕಳುಹಿಸಿದೆ. ಅರ್ಜಿ ಹಾಕು, ಬಿಡು. ಲೇಹ್‌ನಲ್ಲಿ ಏನಾಯಿತೆಂಬುದನ್ನು ಈ ಭಾನುವಾರವೇ ಕೂತು ಎರಡು ಹಾಳೆ ಬರೆ, ಮಕ್ಕಳಿಗೆ ಓದಲು ಕೊಡು. ಟ್ರಂಕಿನಲ್ಲಿ ಇಡಬೇಡ.